ಗಾಲಿಗೆ ಎಷ್ಟು ಗಾಳಿ?

ಗಾಲಿ, ಗಾಳಿ—ಈ ಎರಡು ಮಾತುಗಳ ನಡುವೆ ಇರುವುದು ಒಂದೇ ಅಕ್ಷರದ ಅಂತರ. ನಾಲಗೆಯ ತುದಿಯನ್ನು ತುಸು ಹಿಂದಕ್ಕೆ ಮಡಿಸಿದರೆ ಸಾಕು, ಗಾಲಿ ಗಾಳಿಯಾಗಿಬಿಡುತ್ತದೆ. ಆದ್ದರಿಂದ ಬಾನುಲಿಯ ಮುಂದೆ ಕುಳಿತು ಇವೆರಡನ್ನೂ ಒಟ್ಟಿಗೆ ಕುರಿತು ಮಾತನಾಡುವವನು ಲಕಾರ ಳಕಾರಗಳನ್ನು ಎಚ್ಚರದಿಂದ ನುಡಿಯಬೇಕು; ಕೇಳುವ ತಾವೂ ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಭಾಷೆಯಲ್ಲಿ ಇಷ್ಟು ನೆರೆಹೊರೆಯಾಗಿರುವ ಈ ಎರಡು ವಸ್ತುಗಳು ಲೋಕದಲ್ಲಿ ಒಂದನ್ನೊಂದು ಸೇರಲು ಮಾತ್ರ ಬಹಳ ಕಾಲ ಹಿಡಿಯಿತು. ನಮ್ಮ ತೇರಿನ ಗಾಲಿ, ಎತ್ತಿನ ಬಂಡಿಯ ಗಾಲಿ ಎಲ್ಲವೂ ಗಟ್ಟಿ ಮರದವು. ಹೆಚ್ಚೆಂದರೆ ಸುತ್ತ ಒಂದು ಕಬ್ಬಿಣದ ಪಟ್ಟಿ. ಗಾಲಿಯೊಳಗೆ ಗಾಳಿಯನ್ನು ತುಂಬಬಹುದೆಂದು ಮನುಷ್ಯನಿಗೆ ಹೊಳೆದು ಇನ್ನೂ ಇನ್ನೂರು ವರ್ಷ ತುಂಬಿಲ್ಲ.

ಇಂದು ನಾನು ಹೇಳಹೊರಟಿರುವುದು ಒಂಟಿ ಗಾಲಿಯ ಸೈಕಲ್ಲಿನ ವಿಷಯ. ಅದರಲ್ಲಿಯೂ ಆ ಒಂದು ಗಾಲಿಗೆ ಎಷ್ಟು ಗಾಳಿ ಹಾಕಬೇಕೆಂಬ ವಿಷಯ. ಇದು ಬಹು ಸಣ್ಣ ಪ್ರಶ್ನೆಯೆಂದು ತೋರಬಹುದು. ಆದರೆ ಸಣ್ಣ ಪ್ರಶ್ನೆಗಳಿಗೆ ಒಂದು ಗುಣವುಂಟು: ಅವುಗಳ ಬೆನ್ನುಹತ್ತಿ ಹೋದರೆ ಅವು ನಮ್ಮನ್ನು ದೊಡ್ಡ ನಿಯಮಗಳ ಬಾಗಿಲಿಗೆ ತಂದು ನಿಲ್ಲಿಸುತ್ತವೆ. ಮೇಲಾಗಿ, ಈ ಪ್ರಶ್ನೆಗೆ ಸರಿಯುತ್ತರ ದೊರೆಯದೆ ಒಬ್ಬ ಹುಡುಗ ತನ್ನನ್ನೇ ತಾನು ನಿಷ್ಪ್ರಯೋಜಕನೆಂದು ತಿಳಿದುಕೊಳ್ಳುವ ಹಂತಕ್ಕೆ ಬಂದದ್ದನ್ನು ನಾನು ಬಲ್ಲೆ. ಅದನ್ನು ಮುಂದೆ ಹೇಳುತ್ತೇನೆ.

ಒಂದೇ ಗಾಲಿಯ ವಾಹನದ ಕಲ್ಪನೆ ನಮ್ಮ ದೇಶಕ್ಕೆ ಹೊಸದಲ್ಲ. ಸೂರ್ಯನ ರಥಕ್ಕೆ ಒಂದೇ ಚಕ್ರವೆಂದು ಪುರಾಣಗಳು ಹೇಳುತ್ತವೆ. ಎಳೆಯಲು ಏಳು ಕುದುರೆಗಳು; ಸಾರಥಿಯಾದ ಅರುಣನಿಗಾದರೋ ತೊಡೆಗಳಿಲ್ಲ. ಮಹಾಭಾರತದಲ್ಲಿ ಏಕಚಕ್ರವೆಂಬ ಹೆಸರಿನ ಊರೇ ಇದೆ. ಆದರೆ ಅಲ್ಲಿ ನಮಗೆ ನೆನಪಾಗುವುದು ಚಕ್ರವಲ್ಲ, ಬಂಡಿಯ ತುಂಬ ಅನ್ನ ಹೇರಿಕೊಂಡು ಬಕಾಸುರನೆಡೆಗೆ ನಡೆದ ಭೀಮಸೇನ. ನಾನು ಹೇಳುತ್ತಿರುವ ಏಕಚಕ್ರಕ್ಕೆ ಕುದುರೆಯೂ ಇಲ್ಲ, ಸಾರಥಿಯೂ ಬೇರೆಯಿಲ್ಲ. ಏರಿದವನೇ ಕುದುರೆ, ಏರಿದವನೇ ಸಾರಥಿ. ಒಂದು ಗಾಲಿ, ಗಾಲಿಯ ಅಚ್ಚಿಗೆ ನೇರವಾಗಿ ಜೋಡಿಸಿದ ಎರಡು ಪೆಡಲು, ಮೇಲಕ್ಕೆ ಹೋಗುವ ಒಂದು ಕವಲು, ಅದರ ತುದಿಯಲ್ಲಿ ಒಂದು ಸೀಟು—ಇಷ್ಟೇ ಅದರ ಸಂಸಾರ. ಹಿಡಿಯಲು ಹ್ಯಾಂಡಲ್ಲಿಲ್ಲ, ಸರಪಳಿಯಿಲ್ಲ. ಎಷ್ಟೋ ಗಾಡಿಗಳಿಗೆ ಬ್ರೇಕೂ ಇಲ್ಲ.

ಇದರ ಹುಟ್ಟು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ. ಆಗ ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇರುವ ಸೈಕಲ್ಲುಗಳು ಬಳಕೆಯಲ್ಲಿದ್ದವು. ಅವುಗಳ ಪೆಡಲು ಮುಂದಿನ ಗಾಲಿಗೇ ನೇರವಾಗಿ ಸೇರಿರುತ್ತಿತ್ತು. ಸವಾರ ಮುಂದಕ್ಕೆ ಬಾಗಿದಾಗ ಹಿಂದಿನ ಗಾಲಿ ನೆಲ ಬಿಟ್ಟು ಏಳುತ್ತಿತ್ತು. ಹಾಗೆ ಎದ್ದ ಗಾಲಿಯಿಲ್ಲದೆಯೂ ಸ್ವಲ್ಪ ದೂರ ಸಾಗಬಹುದೆಂದು ಕಂಡುಕೊಂಡ ಚತುರರಿಂದ ಈ ಒಂಟಿ ಗಾಲಿಯ ಸವಾರಿ ಹುಟ್ಟಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮಲ್ಲಿ ಬಹುಮಂದಿ ಇದನ್ನು ಕಂಡಿರುವುದು ಸರ್ಕಸ್ಸಿನ ಡೇರೆಯೊಳಗೆ. ಆದರೆ ಹೊರದೇಶಗಳಲ್ಲಿ ಇದು ಡೇರೆಯನ್ನು ಬಿಟ್ಟು ಬಂದು ಬಹಳ ಕಾಲವಾಯಿತು. ಜಪಾನಿನ ಅನೇಕ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ಮಕ್ಕಳು ಇದನ್ನು ಆಟದಂತೆ ಕಲಿಯುತ್ತಾರೆ. ೧೯೮೪ರಲ್ಲಿ ಅಮೆರಿಕದ ಸಿರಾಕ್ಯೂಸ್ ನಗರದಲ್ಲಿ ಇದರ ಮೊದಲ ವಿಶ್ವಸಮ್ಮೇಳನ ಸೇರಿತು. ಕೆನಡಾದ ಕ್ರಿಸ್ ಹೋಮ್ ಎಂಬಾತ ಒಂದೇ ಗಾಲಿಯ ಮೇಲೆ ಬೆಟ್ಟದ ಕಡಿದಾದ ಹಾದಿಗಳನ್ನು ಇಳಿದು ಹೆಸರಾದ. ಇಂಗ್ಲೆಂಡಿನ ಎಡ್ ಪ್ರ್ಯಾಟ್ ಎಂಬ ತರುಣ ೨೦೧೫ರಲ್ಲಿ ಹೊರಟು, ೩೬ ಅಂಗುಲದ ಒಂದೇ ಗಾಲಿಯ ಮೇಲೆ ಪ್ರಪಂಚವನ್ನು ಸುತ್ತಿ, ೨೦೧೮ರಲ್ಲಿ ಊರಿಗೆ ಮರಳಿದ.

ಶಾಲೆಯ ಅಂಗಳ, ಬೆಟ್ಟದ ಹಾದಿ, ದೇಶದೇಶಗಳ ಹೆದ್ದಾರಿ—ಈ ಮೂರಕ್ಕೂ ಗಾಲಿ ಒಂದೇ ಆದರೂ ಅದರೊಳಗಿನ ಗಾಳಿ ಒಂದೇ ಅಲ್ಲ. ಏಕೆಂಬುದನ್ನು ತಿಳಿಯಬೇಕಾದರೆ, ಗಾಲಿಗೆ ಗಾಳಿಯನ್ನು ತುಂಬಿದ ಕಥೆಯನ್ನು ಮೊದಲು ಕೇಳಬೇಕು.

ಗಾಲಿಗೆ ಗಾಳಿಯ ಕೊಳವೆಯನ್ನು ಸುತ್ತುವ ಉಪಾಯವನ್ನು ಮೊದಲು ಸನ್ನದು ಮಾಡಿಸಿಕೊಂಡವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, ೧೮೪೫ರಲ್ಲಿ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ತೊಗಲಿನ ಹೊದಿಕೆ—ಹೀಗಿತ್ತು ಅವನ ಗಾಲಿ. ಕುದುರೆ ಗಾಡಿಗೆ ಅದನ್ನು ತೊಡಿಸಿ ಲಂಡನ್ನಿನಲ್ಲಿ ಓಡಿಸಿಯೂ ತೋರಿಸಿದ. ಆದರೆ ಲೋಕ ಅದನ್ನು ಮರೆತುಬಿಟ್ಟಿತು. ನಾಲ್ಕು ದಶಕಗಳ ಮೇಲೆ, ಬೆಲ್‌ಫಾಸ್ಟ್ ನಗರದಲ್ಲಿ ದನಕರುಗಳ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್ಲಪ್, ತನ್ನ ಮಗನ ಮೂರು ಗಾಲಿಯ ಸೈಕಲ್ಲು ಒರಟು ರಸ್ತೆಯ ಮೇಲೆ ಗಡಗಡಿಸುವುದನ್ನು ತಪ್ಪಿಸಲು ಅದೇ ಉಪಾಯವನ್ನು ತಾನೂ ಕಂಡುಕೊಂಡ. ಮರದ ಬಿಲ್ಲೆಯೊಂದಕ್ಕೆ ಗಾಳಿ ತುಂಬಿದ ರಬ್ಬರು ಕೊಳವೆಯನ್ನು ಸುತ್ತಿ, ಅದನ್ನೂ ಸೈಕಲ್ಲಿನ ಗಟ್ಟಿ ರಬ್ಬರಿನ ಗಾಲಿಯನ್ನೂ ಅಂಗಳದಲ್ಲಿ ಉರುಳಿಸಿ ನೋಡಿದ. ಗಟ್ಟಿ ಗಾಲಿ ನಡುವೆಯೇ ಬಿದ್ದುಹೋಯಿತು. ಗಾಳಿಯ ಗಾಲಿ ಅಂಗಳದ ಆಚೆಯ ತುದಿಯನ್ನು ಮುಟ್ಟಿತು. ೧೮೮೮ರಲ್ಲಿ ಅವನೂ ಸನ್ನದು ಪಡೆದ. ಮರುವರ್ಷ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಗಾಳಿಯ ಗಾಲಿಯ ಮೇಲೆ ಕುಳಿತು, ಗಟ್ಟಿ ಗಾಲಿಯವರನ್ನೆಲ್ಲ ಹಿಂದೆ ಹಾಕಿದ. ಥಾಮ್ಸನ್ನನ ಹಳೆಯ ಸನ್ನದು ಆಮೇಲೆ ಬೆಳಕಿಗೆ ಬಂದು ಡನ್ಲಪ್ಪನ ಸನ್ನದು ಬಿದ್ದುಹೋಯಿತಾದರೂ, ಗಾಳಿಯ ಗಾಲಿ ಮಾತ್ರ ಬೀಳಲಿಲ್ಲ.

ಈ ಕಥೆಯಲ್ಲಿ ನಮಗೆ ಬೇಕಾದ ತತ್ತ್ವ ಅಡಗಿದೆ. ಗಟ್ಟಿಯಾದದ್ದೇ ಬೇಗ ಓಡುವುದೆಂದು ನಮ್ಮ ಎಣಿಕೆ. ಹಾಗಿದ್ದರೆ ಗಟ್ಟಿ ರಬ್ಬರಿನ ಗಾಲಿಯೇ ಗೆಲ್ಲಬೇಕಾಗಿತ್ತು. ಏಕೆ ಗೆಲ್ಲಲಿಲ್ಲ? ದಾರಿಯಲ್ಲಿ ಒಂದು ಹರಳು ಸಿಕ್ಕಿತೆನ್ನಿ. ಗಟ್ಟಿ ಗಾಲಿ ಆ ಹರಳನ್ನು ಏರಬೇಕು; ತನ್ನ ಜೊತೆಗೆ ಗಾಡಿಯನ್ನೂ ಸವಾರನನ್ನೂ ಮೇಲೆತ್ತಬೇಕು. ಹಾಗೆ ಎತ್ತಲು ಬೇಕಾದ ಶಕ್ತಿ ಓಟದಿಂದಲೇ ಕಳೆಯಬೇಕು. ಗಾಳಿಯ ಗಾಲಿಯಾದರೋ ಹರಳು ಬಂದೆಡೆ ತಾನೇ ಒಳಕ್ಕೆ ತಗ್ಗಿ, ಅದನ್ನು ನುಂಗಿಕೊಂಡು, ಮುಂದೆ ಸಾಗಿದೊಡನೆ ಮತ್ತೆ ಮೊದಲಿನಂತಾಗುತ್ತದೆ. ಸವಾರನಿಗೆ ಹರಳಿನ ಸುದ್ದಿಯೇ ತಿಳಿಯುವುದಿಲ್ಲ. ಹಾಗೆಂದು ಗಾಳಿಯನ್ನು ಬಹಳ ಕಡಿಮೆ ಮಾಡಿದರೆ? ಆಗ ಗಾಲಿ ಹೆಜ್ಜೆಹೆಜ್ಜೆಗೂ ಚಪ್ಪಟೆಯಾಗಿ ಮಡಿಯುತ್ತ ಹೋಗುತ್ತದೆ. ಆ ಮಡಿಯುವಿಕೆಯಲ್ಲಿ ರಬ್ಬರು ಬಿಸಿಯಾಗಿ ಶಕ್ತಿಯೆಲ್ಲ ಅಲ್ಲಿ ಸೋರುತ್ತದೆ. ಗಾಳಿ ಮಿತಿಮೀರಿದರೆ ಡನ್ಲಪ್ಪನ ಹಿಂದಿನ ಗಟ್ಟಿ ಗಾಲಿಗೆ ಮರಳಿದಂತೆ. ತೀರ ಕಡಿಮೆಯಾದರೆ ಗಾಲಿಯನ್ನು ಬಿಟ್ಟು ಚೀಲವನ್ನು ಎಳೆದಂತೆ. ಇವೆರಡರ ನಡುವೆ ಎಲ್ಲಿಯೋ ಹದವಿದೆ.

ಆ ಹದವನ್ನು ಹುಡುಕಲು ಒಂದು ಸರಳವಾದ ಲೆಕ್ಕ ನೆರವಾಗುತ್ತದೆ. ಟಯರು ನೆಲವನ್ನು ಮುಟ್ಟುವ ಜಾಗವನ್ನು ನಾವು ಅದರ ಪಾದ ಎಂದು ಕರೆಯೋಣ. ಮೇಲಿನ ಭಾರವನ್ನು ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿದರೆ ಈ ಪಾದದ ವಿಸ್ತಾರ ಸುಮಾರಾಗಿ ಸಿಗುತ್ತದೆ. ಹುಡುಗನೊಬ್ಬನ ತೂಕ ೪೦ ಕಿಲೋ, ಗಾಡಿಯದು ೫ ಕಿಲೋ. ಒಟ್ಟು ೪೫ ಎನ್ನೋಣ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ೧ ಕಿಲೋ ಇದ್ದರೆ ಪಾದದ ವಿಸ್ತಾರ ೪೫ ಚದರ ಸೆಂಟಿಮೀಟರು, ಎಂದರೆ ಒಂದು ಮಗುವಿನ ಅಂಗೈಯಷ್ಟು. ಒತ್ತಡ ೨ ಕಿಲೋ ಆದರೆ ವಿಸ್ತಾರ ಸುಮಾರು ೨೨. ೩ ಕಿಲೋ ಆದರೆ ೧೫, ಎಂದರೆ ಒಂದು ಬೆಂಕಿಪೊಟ್ಟಣದಷ್ಟು. ಅಂಗಡಿಗಳಲ್ಲಿ ಗಾಳಿಯನ್ನು ಪೌಂಡಿನಲ್ಲಿ ಹೇಳುವುದು ರೂಢಿ. ಅದು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬುದರ ಹ್ರಸ್ವರೂಪ; ನಾನು ಹೇಳಿದ ೧ ಕಿಲೋ ಎಂದರೆ ಸುಮಾರು ೧೪ ಪೌಂಡು. ಹಾಗಾಗಿ ಮೇಲಿನ ಮೂರು ಒತ್ತಡಗಳು ಸರಿಸುಮಾರು ೧೪, ೨೮, ೪೨ ಪೌಂಡುಗಳಾದವು.

ಇಲ್ಲಿ ಕೇಳುಗರಲ್ಲಿ ಕೆಲವರಿಗೆ ಒಂದು ಸಂದೇಹ ಹುಟ್ಟಬಹುದು. ಸಾವಿರ ಕಿಲೋ ತೂಗುವ ಕಾರಿನ ಟಯರಿಗೆ ೩೦ ಪೌಂಡು ಗಾಳಿ ಸಾಕಾಗುತ್ತದೆ. ಹಗುರವಾದ ಸೈಕಲ್ಲಿನ ತೆಳು ಟಯರಿಗೆ ಅದರ ಎರಡರಷ್ಟು ಬೇಕಾಗುತ್ತದೆ. ಇದು ಹೇಗೆ? ಕಾರಿನ ಟಯರು ಅಗಲವಾದದ್ದು. ಅದಕ್ಕೆ ದೊಡ್ಡ ಪಾದವನ್ನು ಊರಲು ಎಡೆಯುಂಟು. ತೆಳು ಟಯರಿಗೆ ಅಷ್ಟು ಎಡೆಯಿಲ್ಲ; ಸಣ್ಣ ಪಾದದ ಮೇಲೆಯೇ ಅದು ಭಾರವನ್ನು ಹೊರಬೇಕು. ಅದೂ ಅಲ್ಲದೆ, ಒತ್ತಡ ಒಂದೇ ಇದ್ದರೂ ದಪ್ಪ ಟಯರಿನ ಗೋಡೆ ತೆಳು ಟಯರಿನದಕ್ಕಿಂತ ಬಿಗಿಯಾಗಿ ಸೆಟೆದು ನಿಲ್ಲುತ್ತದೆ. ಆದ್ದರಿಂದ ಟಯರು ದಪ್ಪವಾದಷ್ಟೂ ಬೇಕಾದ ಪೌಂಡು ಕಡಿಮೆ, ತೆಳುವಾದಷ್ಟೂ ಹೆಚ್ಚು. ಟಯರಿನ ಅಗಲವನ್ನು ಹೇಳದೆ ‘ಎಷ್ಟು ಗಾಳಿ ಹಾಕಲಿ?’ ಎಂದು ಕೇಳುವುದು, ಪಾತ್ರೆಯನ್ನು ತೋರಿಸದೆ ‘ಎಷ್ಟು ನೀರು ಹೊಯ್ಯಲಿ?’ ಎಂದು ಕೇಳಿದಂತೆ.

ಎರಡು ಗಾಲಿಯ ಸೈಕಲ್ಲಿಗೂ ಒಂಟಿ ಗಾಲಿಗೂ ಇರುವ ಭೇದ ಈಗ ಸ್ಪಷ್ಟವಾಗುತ್ತದೆ. ಸೈಕಲ್ಲಿನಲ್ಲಿ ಭಾರವನ್ನು ಎರಡು ಗಾಲಿಗಳು ಹಂಚಿಕೊಳ್ಳುತ್ತವೆ. ಹಿಂದಿನದಕ್ಕೆ ಹೆಚ್ಚು, ಮುಂದಿನದಕ್ಕೆ ಕಡಿಮೆ. ಇಲ್ಲಿ ಹಂಚಿಕೊಳ್ಳುವವರಿಲ್ಲ. ಇಡೀ ಭಾರ ಒಂದೇ ಪಾದದ ಮೇಲೆ. ಇದು ಮೊದಲನೆಯ ಭೇದ. ಎರಡನೆಯದು ತಿರುಗುವ ಬಗೆ. ಸೈಕಲ್ಲಿನವನು ಹ್ಯಾಂಡಲ್ಲನ್ನು ತಿರುಗಿಸಿ ಹಾದಿಯನ್ನು ಬದಲಿಸುತ್ತಾನೆ. ಒಂಟಿ ಗಾಲಿಯವನು ಸೊಂಟವನ್ನು ತಿರುಚಿ, ಗಾಲಿಯನ್ನು ನಿಂತಲ್ಲಿಯೇ ಒಂದಿಷ್ಟು ಹೊರಳಿಸಿ ಹಾದಿಯನ್ನು ಬದಲಿಸುತ್ತಾನೆ. ಬಲಕ್ಕೆ ವಾಲಿದರೆ ಗಾಲಿಯನ್ನು ಬಲಕ್ಕೆ ಹೊರಳಿಸಿ ತನ್ನ ಅಡಿಗೆ ತಂದುಕೊಳ್ಳಬೇಕು. ಎಡಕ್ಕೆ ವಾಲಿದರೆ ಎಡಕ್ಕೆ. ಈ ಹೊರಳಿಕೆ ನಿಮಿಷಕ್ಕೆ ಹತ್ತಾರು ಸಲ ನಡೆಯುತ್ತಿರುತ್ತದೆ. ಅದರ ಹೆಸರೇ ಸಮತೋಲನ.

ಮಕ್ಕಳ ಬುಗುರಿಯನ್ನು ನೋಡಿ. ಮೊಳೆಯ ಮೊನೆಯ ಮೇಲೆ ಅದು ಸುಲಭವಾಗಿ ತಿರುಗುತ್ತದೆ; ಮೊಳೆ ಸವೆದು ಅಗಲವಾದರೆ ಬೇಗ ಸೊರಗುತ್ತದೆ. ಮನುಷ್ಯನೂ ಹಾಗೆಯೇ: ಹಿಮ್ಮಡಿಯ ಮೇಲೆ ಸರಕ್ಕನೆ ತಿರುಗಬಲ್ಲ, ಇಡೀ ಪಾದವನ್ನು ಊರಿದರೆ ತಿರುಗುವುದು ಕಷ್ಟ. ಪಾದ ಅಗಲವಾದಷ್ಟೂ ಉಜ್ಜಾಟ ನಡುಬಿಂದುವಿನಿಂದ ದೂರದಲ್ಲಿ ನಡೆಯುತ್ತದೆ. ಆದ್ದರಿಂದ ತಿರುಚಲು ಹೆಚ್ಚು ಬಲ ಬೇಕಾಗುತ್ತದೆ. ಗಾಳಿ ಕಡಿಮೆಯಾದ ಗಾಲಿ ಅಂಗೈಯಗಲದ ಪಾದವನ್ನು ಊರಿ ನಿಂತಿರುತ್ತದೆ. ಸವಾರ ಸೊಂಟವನ್ನು ತಿರುಚುತ್ತಾನೆ, ರಿಮ್ಮು ತಿರುಗುತ್ತದೆ, ಟಯರು ಮಾತ್ರ ನೆಲಕ್ಕೆ ಅಂಟಿಕೊಂಡು ನಡುವೆ ಮುರಿದುಕೊಳ್ಳುತ್ತದೆ. ಗಾಲಿ ಅಡಿಗೆ ಬಂದೀತೆನ್ನುವಷ್ಟರಲ್ಲಿ ಸವಾರ ನೆಲದ ಮೇಲಿರುತ್ತಾನೆ.

ಮೂರನೆಯ ಭೇದ ಪೆಡಲಿನದು. ಸೈಕಲ್ಲಿನಲ್ಲಿ ಕಾಲಾಡಿಸುವುದನ್ನು ನಿಲ್ಲಿಸಿದರೂ ಗಾಲಿ ಉರುಳುತ್ತದೆ. ಫ್ರೀವೀಲು ಆ ಸೌಕರ್ಯವನ್ನು ಕೊಟ್ಟಿದೆ. ಒಂಟಿ ಗಾಲಿಯಲ್ಲಿ ಗಾಲಿಗೂ ಕಾಲಿಗೂ ಬಿಡುವಿಲ್ಲದ ನಂಟು. ಗಾಲಿ ಉರುಳಿದರೆ ಕಾಲು ತಿರುಗಲೇಬೇಕು. ಕಾಲು ನಿಂತರೆ ಗಾಲಿ ನಿಲ್ಲಲೇಬೇಕು. ೨೦ ಅಂಗುಲದ ಗಾಲಿ ಪೆಡಲಿನ ಒಂದು ಸುತ್ತಿಗೆ ಸುಮಾರು ೧.೬ ಮೀಟರು ಸಾಗುತ್ತದೆ, ಅಷ್ಟೆ. ಆ ಗಾಲಿಗೆ ಹರಳೊಂದು ಅಡ್ಡ ಬಂದು ಕ್ಷಣಕಾಲ ತಡೆದರೆ, ಮೇಲಿರುವ ಶರೀರ ತಡೆಯುವುದಿಲ್ಲ, ಮುಂದಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಗಾಳಿ ಅತಿಯಾದ, ಹರಳನ್ನು ನುಂಗಲಾರದ ಗಾಲಿಯೂ ಒರಟು ನೆಲದಲ್ಲಿ ಸವಾರನನ್ನು ಬೀಳಿಸುತ್ತದೆ. ಮೆತ್ತನೆಯದು ಪಕ್ಕಕ್ಕೆ ಬೀಳಿಸಿದರೆ, ಗಟ್ಟಿಯಾದದ್ದು ಮುಂದಕ್ಕೆ ಬೀಳಿಸುತ್ತದೆ.

ಈಗ ಆ ಹುಡುಗನ ವಿಷಯ. ಅವನು ನನ್ನ ಮಗಳ ಮಗ, ಹನ್ನೆರಡು ವರ್ಷದವನು. ಹೊರದೇಶದಲ್ಲಿರುವ ಸೋದರಮಾವ ಬಂದಾಗ ೨೦ ಅಂಗುಲದ ಒಂಟಿ ಗಾಲಿಯ ಸೈಕಲ್ಲೊಂದನ್ನು ತಂದುಕೊಟ್ಟಿದ್ದ. ಪೆಟ್ಟಿಗೆಯಲ್ಲಿ ಬರುವ ಗಾಡಿಗಳ ಟಯರಿನಲ್ಲಿ ಗಾಳಿ ಸಡಿಲವಾಗಿರುವುದು ಸಾಮಾನ್ಯ. ಹುಡುಗ ಕೈಪಂಪಿನಿಂದ ನಾಲ್ಕು ಸಲ ಒತ್ತಿ, ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಗಟ್ಟಿಯಾಗಿದೆಯೆಂದು ತೀರ್ಮಾನಿಸಿದ. ಮೂರು ವಾರ ಗೋಡೆಯನ್ನು ಹಿಡಿದು, ಬಿದ್ದು, ಎದ್ದು, ಮಂಡಿ ತರಚಿಕೊಂಡು ಕಲಿತದ್ದು ಏನೂ ಇಲ್ಲ. ಒಂದು ಸಂಜೆ ಗಾಡಿಯನ್ನು ಹಿತ್ತಲಿನ ಮೂಲೆಗೆ ಒರಗಿಸಿ, “ನನ್ನ ಮೈಗೆ ಸಮತೋಲನವೇ ಇಲ್ಲ ತಾತ, ಇದು ನನ್ನಿಂದ ಆಗುವುದಿಲ್ಲ” ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ; ಒಪ್ಪಿಕೊಂಡವನ ಶಾಂತಿಯಿತ್ತು. ಬಹಳ ವರ್ಷ ಪಾಠ ಹೇಳಿದ ನನಗೆ ಆ ದನಿಯ ಪರಿಚಯ ಚೆನ್ನಾಗಿದೆ. ಕೋಪಿಸಿಕೊಂಡ ವಿದ್ಯಾರ್ಥಿ ಮತ್ತೆ ಪುಸ್ತಕ ತೆರೆಯುತ್ತಾನೆ, ಒಪ್ಪಿಕೊಂಡವನು ತೆರೆಯುವುದಿಲ್ಲ.

ಮರುದಿನ ಇಬ್ಬರೂ ಗಾಡಿಯನ್ನು ನಮ್ಮ ಬೀದಿಯ ಪಂಚರ್ ಅಂಗಡಿಗೆ ಒಯ್ದೆವು. ಅಂಗಡಿಯವರು ಇಂಥ ಗಾಡಿಯನ್ನು ಹಿಂದೆ ರಿಪೇರಿ ಮಾಡಿದವರಲ್ಲ. ಆದರೆ ಗಾಲಿಯ ಸ್ವಭಾವ ಬಲ್ಲವರು. ಹುಡುಗನನ್ನು ಕಂಬ ಹಿಡಿದು ಸೀಟಿನ ಮೇಲೆ ಕೂರಿಸಿ, ಟಯರು ನೆಲವನ್ನು ಮುಟ್ಟುವಲ್ಲಿ ಬಾಗಿ ನೋಡಿದರು. “ಮೇಷ್ಟ್ರೇ, ಗಾಡಿ ಅರ್ಧವಾದರೇನು, ಭಾರ ಪೂರಾ ಇಲ್ಲೇ ಬೀಳ್ತಾ ಇದೆ. ಗಾಳಿ ಅರ್ಧ ಇದ್ದರೆ ನಡೆದೀತೆ?” ಎಂದರು. ಅಳತೆಗೋಲು ಇಟ್ಟು ನೋಡಿದರೆ ೧೫ ಪೌಂಡೂ ಇರಲಿಲ್ಲ. ೪೦ಕ್ಕೆ ಏರಿಸಿ ಕೊಟ್ಟರು. ಅಂದೇ ಹುಡುಗ ಸವಾರಿ ಮಾಡಿಬಿಟ್ಟನೆಂದು ನಾನು ಹೇಳಿದರೆ ಅದು ಕಥೆಯಾದೀತು. ಗಾಳಿ ಯಾರಿಗೂ ಸವಾರಿ ಕಲಿಸುವುದಿಲ್ಲ; ಒಂಟಿ ಗಾಲಿಯನ್ನು ಕಲಿಯಲು ಹಲವು ಗಂಟೆಗಳ ಅಭ್ಯಾಸ ಬೇಕೇ ಬೇಕು. ಆದರೆ ಅಂದು ಸಂಜೆ ಅವನು ಗೋಡೆಯನ್ನು ಬಿಟ್ಟು ಎರಡು ಸುತ್ತು ಪೆಡಲು ತುಳಿದ. ಬಿದ್ದ; ಆದರೆ ಈ ಸಲ ಬೀಳುವಾಗ ಕೋಪ ಮಾಡಿಕೊಂಡ. ನನಗೆ ಸಮಾಧಾನವಾಯಿತು. ಒಂದೂವರೆ ತಿಂಗಳಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿಬಂದ.

ಉಪಕರಣದ ದೋಷವನ್ನು ತನ್ನ ದೋಷವೆಂದು ತಿಳಿಯುವುದು ಕಲಿಯುವವನಿಗೆ ಒದಗುವ ದೊಡ್ಡ ಅಪಾಯ. ಸಮತೋಲನ ತನ್ನಲ್ಲಿಲ್ಲವೆಂದು ಹುಡುಗ ನಂಬಿದ್ದ. ಕೊರತೆಯಿದ್ದದ್ದು ಗಾಲಿಯೊಳಗಿನ ಗಾಳಿಯಲ್ಲಿ. ಆದ್ದರಿಂದಲೇ ಈ ಸಣ್ಣ ಪ್ರಶ್ನೆಗೆ ನಾನು ಇಷ್ಟು ಸಮಯ ಕೊಡುತ್ತಿದ್ದೇನೆ.

ಕಥೆಗೆ ಇನ್ನೊಂದು ಭಾಗವಿದೆ. ಬೀದಿಯಲ್ಲಿ ಪಳಗಿದ ಹುಡುಗ ಜಲ್ಲಿಕಲ್ಲಿನ ಮೈದಾನಕ್ಕೆ ಹೋದ. ಅಲ್ಲಿ ಅದೇ ೪೦ ಪೌಂಡಿನ ಗಾಲಿ ಅವನನ್ನು ಕುಪ್ಪಳಿಸಿ ಕುಪ್ಪಳಿಸಿ ಕೆಡವಿತು. ಈಗ ಅವನು ಯಾರನ್ನೂ ಕೇಳಲಿಲ್ಲ. ವಾಲ್ವನ್ನು ಒತ್ತಿ ಸ್ವಲ್ಪ ಗಾಳಿಯನ್ನು ಹೊರಬಿಟ್ಟ. ಮತ್ತೆ ಏರಿ ನೋಡಿದ. ಇನ್ನೂ ಸ್ವಲ್ಪ ಬಿಟ್ಟ. ೨೮ಕ್ಕೆ ಬಂದಾಗ ಗಾಲಿ ಕಲ್ಲುಗಳ ಮೇಲೆ ಶಾಂತವಾಗಿ ಹರಿಯತೊಡಗಿತು. ಅದೇ ಹುಡುಗ, ಅದೇ ಗಾಲಿ. ನೆಲ ಬದಲಾಯಿತು, ಹದವೂ ಬದಲಾಯಿತು.

ಬಲ್ಲವರು ಅನುಸರಿಸುವ ಸುಮಾರು ಮಟ್ಟಗಳನ್ನು ಈಗ ಹೇಳುತ್ತೇನೆ. ಇವನ್ನು ಶಾಸನವೆಂದು ತಿಳಿಯಬಾರದು, ಹೊರಡುವ ಸ್ಥಾನವೆಂದು ತಿಳಿಯಬೇಕು. ನುಣುಪಾದ ನೆಲದಲ್ಲಿ ಕಲಿಯುವವರು ಎರಡು ಅಂಗುಲದ ಸುಮಾರಿನ ಟಯರಿಗೆ ೩೫ರಿಂದ ೪೫ ಪೌಂಡು ಹಾಕಿ ಆರಂಭಿಸಬಹುದು. ಒಳಾಂಗಣದ ನುಣ್ಣನೆಯ ನೆಲದ ಮೇಲೆ ನರ್ತಿಸುವಂತೆ ಸುತ್ತುವವರು ಟಯರು ತಾಳುವಷ್ಟು ಗಟ್ಟಿಯಾಗಿ, ೬೦ ಮತ್ತು ಅದಕ್ಕೂ ಮೇಲೆ, ತುಂಬುವುದುಂಟು. ಅವರಿಗೆ ಬೇಕಾದುದು ಬುಗುರಿಯ ಮೊಳೆಯಂಥ ಸಣ್ಣ ಪಾದ. ೩೬ ಅಂಗುಲದ ಗಾಲಿಯಲ್ಲಿ ದೂರ ಹೋಗುವವರು ೪೦ರಿಂದ ೬೦ರ ನಡುವೆ ಇಟ್ಟುಕೊಳ್ಳುತ್ತಾರೆ. ಬೆಟ್ಟದ ಹಾದಿಯಲ್ಲಿ ಎರಡೂವರೆ ಮೂರು ಅಂಗುಲದ ದಪ್ಪ ಟಯರು ಬಳಸುವವರು ೧೫ರಿಂದ ೩೦ಕ್ಕೆ ಇಳಿಯುತ್ತಾರೆ. ಸವಾರನ ಭಾರ ಹೆಚ್ಚಿದ್ದರೆ ಅದೇ ಪ್ರಮಾಣದಲ್ಲಿ ಗಾಳಿಯನ್ನೂ ಹೆಚ್ಚಿಸಬೇಕು. ಭಾರ ಹತ್ತರಲ್ಲಿ ಒಂದು ಪಾಲು ಏರಿದರೆ ಒತ್ತಡವನ್ನೂ ಅಷ್ಟೇ ಏರಿಸಿದಾಗ ಪಾದದ ವಿಸ್ತಾರ ಮೊದಲಿನಂತೆ ಉಳಿಯುತ್ತದೆ.

ಈ ಎರಡು ಕಡೆಗೂ ದಾಟಬಾರದ ಗೆರೆಗಳಿವೆ. ಮೇಲಿನ ಗೆರೆಯನ್ನು ಟಯರಿನ ಪಕ್ಕದಲ್ಲಿಯೇ ಅಚ್ಚೊತ್ತಿರುತ್ತಾರೆ. ಅಲ್ಲಿರುವ ಅಂಕಿ ‘ಇದನ್ನು ಮೀರಬೇಡ’ ಎನ್ನುತ್ತದೆಯೇ ಹೊರತು ‘ಇಷ್ಟು ಹಾಕು’ ಎನ್ನುವುದಿಲ್ಲ. ಬಹುಮಂದಿ ಇದನ್ನು ಅಪ್ಪಣೆಯೆಂದು ಓದುತ್ತಾರೆ. ಕೆಳಗಿನ ಗೆರೆಯನ್ನು ಕಾಣಿಸುವುದು ರಿಮ್ಮು. ಗಾಳಿ ತೀರ ಕಡಿಮೆಯಿದ್ದು ಗಾಲಿ ಕಲ್ಲಿನ ಅಂಚಿಗೆ ಬಡಿದರೆ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತುಗಳಾಗುತ್ತವೆ. ಹಾವು ಕಚ್ಚಿದ ಗುರುತಿನಂತೆ ಕಾಣುವ ಈ ಜೋಡಿ ತೂತು ಕಂಡರೆ ಮುಳ್ಳನ್ನು ಹುಡುಕಬೇಕಾಗಿಲ್ಲ. ಗಾಳಿ ಸಾಲದಾಗಿತ್ತೆಂದು ತಿಳಿದರಾಯಿತು. ಇನ್ನೊಂದು ಸೂಚನೆ: ನಡು ಉಬ್ಬಿ ಅಂಚಿಗೆ ಇಳಿಜಾರಾದ ರಸ್ತೆಯಲ್ಲಿ, ಗಾಳಿ ಕಡಿಮೆಯಿರುವ ಅಗಲ ಟಯರು ಸವಾರನನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ಒಂದು ಪಕ್ಕಕ್ಕೆ ಎಳೆಯುತ್ತಿರುತ್ತದೆ. ಸವಾರ ದಾರಿಯುದ್ದಕ್ಕೂ ಸೊಂಟವನ್ನು ತಿರುಚಿ ಹಿಡಿದು ದಣಿಯುತ್ತಾನೆ. ಐದಾರು ಪೌಂಡು ಏರಿಸಿದರೆ ಈ ಎಳೆತ ಸಾಮಾನ್ಯವಾಗಿ ತಗ್ಗುತ್ತದೆ.

ಅಳೆಯುವ ವಿಷಯದಲ್ಲಿಯೂ ಒಂದೆರಡು ಮಾತು. ಹೆಬ್ಬೆರಳನ್ನು ನಂಬಬಾರದು. ೧೦ಕ್ಕೂ ೨೦ಕ್ಕೂ ಇರುವ ಭೇದವನ್ನು ಅದು ಹೇಳಬಲ್ಲದು. ೪೦ಕ್ಕೂ ೬೦ಕ್ಕೂ ಇರುವುದನ್ನು ಹೇಳಲಾರದು. ನಮ್ಮ ಹಳೆಯ ಸೈಕಲ್ಲುಗಳ ವಾಲ್ವು, ಒಳಗೆ ಪುಟ್ಟ ರಬ್ಬರು ನಳಿಗೆಯಿರುವಂಥದು, ಅಳತೆಗೋಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಒಂಟಿ ಗಾಲಿಯ ಗಾಡಿಗಳಿಗೆ ಸಾಮಾನ್ಯವಾಗಿ ಮೋಟಾರು ಬಂಡಿಗಳ ವಾಲ್ವೇ ಇರುವುದರಿಂದ ಅವನ್ನು ಅಳೆಯುವುದು ಸುಲಭ. ಆದರೆ ಅದೇ ಕಾರಣಕ್ಕೆ ಪೆಟ್ರೋಲ್ ಬಂಕಿನ ಯಂತ್ರಕ್ಕೆ ಅದನ್ನು ಒಡ್ಡುವ ಆಸೆಯೂ ಹುಟ್ಟುತ್ತದೆ. ಕಾರಿನ ಟಯರಿಗಾಗಿ ಇರುವ ಆ ಯಂತ್ರ ಈ ಪುಟ್ಟ ಟ್ಯೂಬನ್ನು ಕೆಲವೇ ಕ್ಷಣಗಳಲ್ಲಿ ತುಂಬಿಬಿಡುತ್ತದೆ. ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಮಿತಿಮೀರಿ ಸಿಡಿಯಲೂಬಹುದು. ಕೈಪಂಪೇ ಕ್ಷೇಮ.

ತುಂಬಿದ ಗಾಳಿಯೂ ತುಂಬಿದಂತೆಯೇ ಇರುವುದಿಲ್ಲ. ತೂತಿಲ್ಲದ ರಬ್ಬರಿನ ಮೂಲಕವೂ ಗಾಳಿ ಅತಿ ಮೆಲ್ಲನೆ ಸೋರುತ್ತದೆ. ಹಲವು ವಾರ ಮೂಲೆಯಲ್ಲಿ ನಿಂತ ಗಾಡಿ ಮೆತ್ತಗಾಗಿರುವುದು ಇದರಿಂದಲೇ. ಬಿಸಿಲೂ ತನ್ನ ಕೆಲಸವನ್ನು ಮಾಡುತ್ತದೆ. ಬೆಳಗಿನ ೨೦ ಡಿಗ್ರಿಯ ತಂಪಿನಲ್ಲಿ ೪೦ ಪೌಂಡು ತುಂಬಿದ ಟಯರು ಮಧ್ಯಾಹ್ನ ಬಿಸಿಲಿಗೆ ಕಾದು ೪೫ ಡಿಗ್ರಿಯಾದರೆ ಒತ್ತಡ ನಾಲ್ಕೈದು ಪೌಂಡು ಏರಿರುತ್ತದೆ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಅಳತೆಗೋಲು ತೋರಿಸುವುದು ಒಳಗಿನ ಗಾಳಿ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಮಂಗಳೂರಿನ ಕಡಲ ದಂಡೆಯಲ್ಲಿ ತುಂಬಿದ ಟಯರನ್ನು ಬೆಂಗಳೂರಿಗೆ ತಂದರೆ, ಬಿಸಿ ಒಂದೇ ಇದ್ದರೂ, ಹೊರಗಿನ ಗಾಳಿ ಇಲ್ಲಿ ತೆಳುವಾದ ಕಾರಣ ಅಳತೆಗೋಲು ಸುಮಾರು ಒಂದೂವರೆ ಪೌಂಡು ಹೆಚ್ಚು ತೋರಿಸುತ್ತದೆ.

ಹಾಗಾದರೆ ಹದವನ್ನು ಹಿಡಿಯುವ ಕ್ರಮ ಯಾವುದು? ಟಯರಿನ ಮೇಲಿರುವ ಗರಿಷ್ಠ ಅಂಕಿಯನ್ನು ಓದಿ, ಅದರ ಮೂರನೆಯ ಎರಡು ಪಾಲಿನಷ್ಟು ಗಾಳಿ ತುಂಬಿ. ಕಂಬವನ್ನು ಹಿಡಿದು ಸೀಟಿನ ಮೇಲೆ ಪೂರ್ತಿ ಭಾರವನ್ನು ಬಿಡಿ. ಇನ್ನೊಬ್ಬರು ಟಯರನ್ನು ನೋಡಲಿ. ಅದು ಸ್ವಲ್ಪವೇ ಉಬ್ಬಬೇಕು. ಕುಳಿತಲ್ಲಿಯೇ ಮೈಯನ್ನು ಒಮ್ಮೆ ಕುಲುಕಿದರೆ ರಿಮ್ಮು ನೆಲಕ್ಕೆ ತಾಗುವ ಸುಳಿವು ಇರಬಾರದು. ಆಮೇಲೆ ನಿತ್ಯ ಸವಾರಿ ಮಾಡುವ ಒಂದೇ ಹಾದಿಯಲ್ಲಿ ಸಾಗಿ. ಸಣ್ಣ ಹರಳೂ ಸೀಟಿನವರೆಗೆ ಬಂದು ಬಡಿದರೆ ಮೂರು ಮೂರು ಪೌಂಡು ಇಳಿಸುತ್ತ ಹೋಗಿ. ತಿರುಗಿಸಿದರೂ ಗಾಲಿ ತಿರುಗದೆ ಹಟ ಹಿಡಿದರೆ ಏರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಗಾಳಿಯನ್ನೂ ಸೀಟಿನ ಎತ್ತರವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹಿತವಾದ ಅಂಕಿ ಸಿಕ್ಕಿದಾಗ ಗೋಡೆಯ ಮೇಲೋ ಕ್ಯಾಲೆಂಡರಿನ ಅಂಚಿನಲ್ಲೋ ಬರೆದಿಡಿ. ತಲೆಗೆ ಹೆಲ್ಮೆಟ್ಟು, ಮಂಡಿಗೂ ಮುಂಗೈಗೂ ರಕ್ಷೆ ಇವು ಮಾತ್ರ ಗಾಳಿ ಎಷ್ಟೇ ಇರಲಿ ತಪ್ಪಬಾರದು.

‘ಹದ’ ಎಂಬ ಮಾತನ್ನು ನಾನು ಹಲವು ಸಲ ಬಳಸಿದೆ. ಬಿತ್ತುವ ನೆಲಕ್ಕೆ ಹದ, ಕಮ್ಮಾರನ ಕಬ್ಬಿಣಕ್ಕೆ ಹದ, ಮನೆಯ ಪಾಕಕ್ಕೆ ಹದ. ಇವೆಲ್ಲಕ್ಕೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿದೆ. ತಂಬೂರಿಯ ತಂತಿಯ ಕೆಳಗಿನ ಜೀವಾಳದ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಅರಳುತ್ತದೆ. ಎಷ್ಟು ಸರಿಸಬೇಕೆಂದು ಯಾವ ಗ್ರಂಥವೂ ಅಂಕಿಯಲ್ಲಿ ಹೇಳಲಾರದು. ಹದಕ್ಕೆ ಅಂಕಿ ಬೇಡವೆಂದಲ್ಲ. ಅಂಕಿ ನಮ್ಮನ್ನು ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ. ಒಳಗೆ ಹೋಗಬೇಕಾದವರು ನಾವು. ನೆಲವೆಂಥದು, ಭಾರವೆಷ್ಟು, ಮಾಡಬೇಕಾದ ಕೆಲಸವೇನು ಎಂದು ಕೇಳಿಕೊಂಡು, ಏರಿಸಿ ಇಳಿಸಿ ನೋಡುವವನಿಗೆ ಅದು ದೊರೆಯುತ್ತದೆ.

ತಮ್ಮ ಮನೆಯಲ್ಲಿ ಯಾವ ಮಗುವಾದರೂ, ಒಂಟಿ ಗಾಲಿಯೇ ಆಗಲಿ ಎರಡು ಗಾಲಿಯೇ ಆಗಲಿ, ಕಲಿಯಲಾರದೆ ಗಾಡಿಯನ್ನು ಗೋಡೆಗೆ ಒರಗಿಸಿದ್ದರೆ, ಮಗುವಿಗೆ ಧೈರ್ಯ ಹೇಳುವ ಮೊದಲು ದಯವಿಟ್ಟು ಆ ಗಾಲಿಯ ಗಾಳಿಯನ್ನು ಒಮ್ಮೆ ಅಳೆದು ನೋಡಿ.